ಕರಟದ ಇದ್ದಿಲೂ ಅಚ್ಚುಕೂಟದ ಆವಿಯೂ

ಅಚ್ಚುಕೂಟವೊಂದರಲ್ಲಿ ಕೆಲಸಕ್ಕಿರುವ ನಮ್ಮ ಹಳೆಯ ಶಿಷ್ಯನೊಬ್ಬನು ಮೊನ್ನೆ ಮನೆಗೆ ಬಂದಿದ್ದನು. ಸಂಜೆಯಾದರೆ ತಲೆ ಸಿಡಿಯುವುದೆಂದೂ, ಅಂಗಿಗೆ ಹತ್ತಿದ ಶಾಯಿಯ ವಾಸನೆಗೆ ಮಕ್ಕಳು ಹತ್ತಿರ ಸುಳಿಯರೆಂದೂ ಹೇಳಿಕೊಂಡನು. ಆ ವಾಸನೆಯು ಟಾಲೂಯಿನ್ ಎಂಬ ದ್ರಾವಕದ್ದು.

ಗ್ರೇವ್ಯೂರ್ ಮುದ್ರಣದಲ್ಲಿ ತಾಮ್ರದ ಉರುಳೆಯ ಸಣ್ಣ ಗುಳಿಗಳಿಂದ ತೆಳುಶಾಯಿಯು ಕಾಗದಕ್ಕಿಳಿಯುವುದು. ದ್ರಾವಕವು ಕ್ಷಣಮಾತ್ರದಲ್ಲಿ ಆರಿದರಷ್ಟೆ ಚಿತ್ರವು ಕದಡದೆ ನಿಲ್ಲುವುದು. ಆರಿದುದು ಹೋಗುವುದೆಲ್ಲಿಗೆ? ಗಾಳಿಗೆ, ಅಲ್ಲಿಂದ ಕೆಲಸಗಾರರ ಶ್ವಾಸಕ್ಕೆ. ತಲೆನೋವು, ತಲೆಸುತ್ತುಗಳು ಮೊದಲ ಲಕ್ಷಣಗಳು. ಬಹುಕಾಲ ಸೇವಿಸಿದರೆ ನರಮಂಡಲಕ್ಕೇ ಕೇಡು. ಗಾಳಿಯಲ್ಲಿ ನೂರಕ್ಕೆ ಒಂದು ಪಾಲಿಗಿಂತ ತುಸು ಹೆಚ್ಚಾದರೂ ಕಿಡಿ ತಾಗಿ ಸಿಡಿಯಬಲ್ಲುದು. ಮೇಲಾಗಿ, ಹಣ ತೆತ್ತು ತಂದ ಪದಾರ್ಥವು ಹೊಗೆಗೂಡಿನಿಂದ ಹಾರಿಹೋಗುವುದು.

ಇದನ್ನು ಹಿಡಿಯುವ ಉಪಾಯವು ನಮ್ಮ ಬಚ್ಚಲೊಲೆಗೆ ದೂರದ್ದಲ್ಲ. ತೆಂಗಿನ ಕರಟವನ್ನು ಗಾಳಿಯಾಡದಂತೆ ಸುಟ್ಟು, ಆ ಇದ್ದಿಲನ್ನು ಸುಮಾರು 900 ಡಿಗ್ರಿ ಶಾಖದ ನೀರಾವಿಗೆ ಒಡ್ಡಿದರೆ ಒಳಗೆಲ್ಲ ಅತಿಸೂಕ್ಷ್ಮ ರಂಧ್ರಗಳಾಗುವುವು. ಅಂಥ ಒಂದು ಗ್ರಾಂ ಇದ್ದಿಲಿನ ರಂಧ್ರಭಿತ್ತಿಗಳನ್ನು ಬಿಡಿಸಿ ಹಾಸಬಹುದಾದರೆ ಸುಮಾರು 1000 ಚದರ ಮೀಟರು ನೆಲ ಬೇಕು! ಆವಿಯ ಅಣುಗಳು ಆ ಭಿತ್ತಿಗಳಿಗೆ ಅಂಟಿಕೊಳ್ಳುವುವು. ಇದಕ್ಕೆ ಅಧಿಶೋಷಣವೆಂದು ಹೆಸರು. (ಶೋಷಣೆಯೆಂದೊಡನೆ ಇಂದಿನವರಿಗೆ ಬೇರೇನೋ ತೋರುವುದು, ‘ಶುಷ್’ ಧಾತುವಿಗೆ ಒಣಗುವುದೆಂದೇ ಅರ್ಥ.) ಇದ್ದಿಲಿನ ಈ ಗುಣವನ್ನು ಷೀಲೆ ಎಂಬ ರಸಾಯನಜ್ಞನು 1773ರಲ್ಲಿಯೇ ಕಂಡಿದ್ದನು. 1918ರಲ್ಲಿ ಅಮೆರಿಕದ ಗೃಹಿಣಿಯರು ಸೈನಿಕರ ವಿಷವಾಯು ಮುಖವಾಡಗಳಿಗಾಗಿ ಪೀಚ್ ಹಣ್ಣಿನ ಓಟೆಗಳನ್ನು ಕೂಡಿಸಿಕೊಟ್ಟುದೂ ಇಂಥ ಇದ್ದಿಲಿಗಾಗಿಯೇ.

ಕಾರ್ಖಾನೆಯಲ್ಲಿ ಇದ್ದಿಲು ತುಂಬಿದ ಎರಡು ಕೊಪ್ಪರಿಗೆಗಳಿರುವುವು. ಒಂದು ತುಂಬಿದೊಡನೆ ಗಾಳಿಯನ್ನು ಇನ್ನೊಂದಕ್ಕೆ ತಿರುಗಿಸಿ, ಮೊದಲನೆಯದಕ್ಕೆ ನೀರಾವಿಯನ್ನು ನುಗ್ಗಿಸುವರು. ಅಂಟಿದ ಟಾಲೂಯಿನ್ ಬಿಟ್ಟುಕೊಂಡು ನೀರಾವಿಯೊಡನೆ ಹೊರಬರುವುದು. ಎರಡನ್ನೂ ತಣಿಸಿದರೆ, ನೀರಿನೊಡನೆ ಬೆರೆಯದೆ, ಹಗುರವಾದ ಕಾರಣ ಎಣ್ಣೆಯಂತೆ ಮೇಲೆ ನಿಲ್ಲುವುದು. ಬಸಿದುಕೊಂಡು ಪುನಃ ಶಾಯಿಗೆ ಸೇರಿಸುವರು. ಕೃತಕ ರೇಷ್ಮೆಯ ಕಾರ್ಖಾನೆಗಳ ಅಸಿಟೋನ್ ಇಷ್ಟು ಸುಲಭವಲ್ಲ. ಅದು ನೀರಿನಲ್ಲಿ ಬೆರೆತುಬಿಡುವುದರಿಂದ ಬಟ್ಟಿಯಿಳಿಸಬೇಕು. ಆ ವರ್ಗದ ಕೆಲವು ದ್ರಾವಕಗಳಿಂದ ಇದ್ದಿಲೇ ಕಾದು ಹೊತ್ತಿಕೊಂಡುದೂ ಉಂಟು.

ಇಷ್ಟಾದರೂ, ಯಂತ್ರದ ಬಳಿಯಲ್ಲಿಯೇ ಮುಚ್ಚಿ ಆವಿಯನ್ನು ಎಳೆಯದಿದ್ದರೆ ಕೊಠಡಿಯ ಗಾಳಿ ನಿರ್ಮಲವಾಗದು. ಶಿಷ್ಯನಿಗೆ ಇದನ್ನೆಲ್ಲ ವಿವರಿಸಿದೆವು. ಅವನ ಯಜಮಾನನು ಖರ್ಚಿನ ಲೆಕ್ಕವನ್ನು ಇನ್ನೂ ಹಾಕುತ್ತಲೇ ಇರುವನಂತೆ. ಅಲ್ಲಿಯವರೆಗೆ ಕಿಟಕಿಗಳನ್ನಾದರೂ ತೆರೆಯಿಸಪ್ಪಾ ಎಂದು ಹೇಳಿ ಕಳುಹಿಸಿದೆವು.