ಕೋಟೆ ಹೈಸ್ಕೂಲಿನ ರಾಮನವಮಿ ಕಚೇರಿ

ಯುಗಾದಿಯ ಆಸುಪಾಸಿನಲ್ಲಿ ಬೆಂಗಳೂರಿನ ಚಾಮರಾಜಪೇಟೆಯ ಕೋಟೆ ಹೈಸ್ಕೂಲಿನ ಮೈದಾನದಲ್ಲಿ ದೊಡ್ಡದೊಂದು ಪೆಂಡಾಲ್ ಏಳುತ್ತದೆ. ಅಲ್ಲಿಂದ ಒಂದು ತಿಂಗಳಿಗೂ ಹೆಚ್ಚು ಕಾಲ ಸಂಜೆಯಾದರೆ ಅಲ್ಲಿ ರಾಮನವಮಿಯ ಸಂಗೀತ ಕಚೇರಿ. ನಡೆಸುವುದು ಶ್ರೀ ರಾಮಸೇವಾ ಮಂಡಳಿ. ಹಳೆಯ ಬೆಂಗಳೂರಿಗರ ಬಾಯಲ್ಲಿ ಮಾತ್ರ ಅದು ಬರೀ ‘ಕೋಟೆ ಹೈಸ್ಕೂಲ್ ಕಚೇರಿ’.

ಮಂಡಳಿ ಹುಟ್ಟಿದ್ದು 1939ರಲ್ಲಿ. ಕಟ್ಟಿದವರು ಎಸ್.ವಿ. ನಾರಾಯಣಸ್ವಾಮಿ ರಾವ್, ಆಗ ಅವರಿನ್ನೂ ಹದಿಹರೆಯದ ಹುಡುಗ. ಬೀದಿಯ ಹುಡುಗರೆಲ್ಲ ಸೇರಿ ಮಾಡುವಂಥ ಪುಟ್ಟ ಉತ್ಸವಕ್ಕೆ ಮುಂದೆ ಚೆಂಬೈ ವೈದ್ಯನಾಥ ಭಾಗವತರ್, ಜಿ.ಎನ್. ಬಾಲಸುಬ್ರಹ್ಮಣ್ಯಂ, ಶೆಮ್ಮಂಗುಡಿ ಶ್ರೀನಿವಾಸ ಅಯ್ಯರ್, ಎಂ.ಎಸ್. ಸುಬ್ಬುಲಕ್ಷ್ಮಿ, ಬಾಲಮುರಳಿಕೃಷ್ಣ ಬಂದು ಹಾಡಿದರು. ಕರ್ನಾಟಕ ಸಂಗೀತಕ್ಕಷ್ಟೇ ಬಾಗಿಲು ತೆರೆಯದೆ ಹಿಂದೂಸ್ತಾನಿ ಗಾಯಕ ಭೀಮಸೇನ ಜೋಶಿಯವರನ್ನೂ ಮಂಡಳಿ ಕರೆಸಿತು. ಈ ಹೆಸರುಗಳ ಸಾಲು ದೊಡ್ಡದೇ. ಆದರೆ ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಅವರು ಕೂತು ಹಾಡಿದ ಜಾಗ. ಅದು ಅರಮನೆಯ ದರ್ಬಾರ್ ಅಲ್ಲ, ಶ್ರೀಮಂತರ ಬಂಗಲೆಯ ಹಜಾರವೂ ಅಲ್ಲ. ಹಗಲಲ್ಲಿ ಮಕ್ಕಳು ಆಡುವ ಶಾಲೆಯ ಬಯಲು.

ರಾಮನವಮಿಗೂ ಸಂಗೀತಕ್ಕೂ ನಂಟು ಬೆಳೆದದ್ದಕ್ಕೆ ಕಾರಣ ಹುಡುಕಿಕೊಂಡು ದೂರ ಹೋಗಬೇಕಿಲ್ಲ. ಚೈತ್ರ ಶುದ್ಧ ಪಾಡ್ಯದಿಂದ ನವಮಿಯವರೆಗೆ ಗರ್ಭೋತ್ಸವ, ನವಮಿಯಿಂದ ಮುಂದಕ್ಕೆ ಜನ್ಮೋತ್ಸವ ಎಂದು ರಾಮೋತ್ಸವಕ್ಕೆ ಎರಡು ಪದ್ಧತಿಗಳಿವೆ. ಹೇಗೆ ಮಾಡಿದರೂ ಹಬ್ಬ ಒಂದೇ ದಿನಕ್ಕೆ ಮುಗಿಯುವುದಿಲ್ಲ. ದಿನಾ ಸಂಜೆ ಪೂಜೆಯಾದ ಮೇಲೆ ಏನಾದರೊಂದು ಸೇವೆ ಆಗಬೇಕು. ತ್ಯಾಗರಾಜರ ಕೃತಿಗಳ ತುಂಬ ರಾಮನೇ ಇರುವಾಗ ಸಂಗೀತಸೇವೆಗೆ ಕೊರತೆ ಎಲ್ಲಿಯದು? ಜೊತೆಗೆ ಬೇಸಿಗೆ. ಮಕ್ಕಳ ಪರೀಕ್ಷೆ ಮುಗಿಯುವ ಹೊತ್ತು, ಮನೆಯೊಳಗೆ ಕೂರಲಾಗದ ಸೆಕೆ, ಹೊರಗೆ ಬಂದರೆ ತಂಗಾಳಿ. ಬೆಲ್ಲ, ನಿಂಬೆಹಣ್ಣು, ಏಲಕ್ಕಿ, ಶುಂಠಿ ಹಾಕಿದ ಪಾನಕ, ನೀರುಮಜ್ಜಿಗೆ, ಹೆಸರುಬೇಳೆ ಕೋಸಂಬರಿಗೆ ಕೈಯೊಡ್ಡಿ ನಿಂತವರು ಹಾಗೇ ಹಾಡು ಕೇಳಲು ಕೂತರು. ಶೇಷಾದ್ರಿಪುರಕ್ಕೆ ಹೋದರೂ ರಾಜಾಜಿನಗರಕ್ಕೆ ಹೋದರೂ ರಾಮೋತ್ಸವದ ಕಚೇರಿ ಸಿಗುತ್ತದೆ. ಮೈಸೂರಿನ ವಾಣಿವಿಲಾಸ ಮೊಹಲ್ಲಾದ ಎಂಟನೇ ಕ್ರಾಸಿನವರು ಇದೇ ಕೆಲಸವನ್ನು ಗಣಪತಿ ಹಬ್ಬಕ್ಕೆ ಮಾಡಿ ಹೆಸರಾಗಿದ್ದಾರೆ.

ಕೋಟೆ ಹೈಸ್ಕೂಲು ಇರುವುದು ಕೆ.ಆರ್. ರಸ್ತೆಯ ಮಗ್ಗುಲಲ್ಲಿ. ಕೋಟೆ ವೆಂಕಟರಮಣಸ್ವಾಮಿ ದೇವಸ್ಥಾನ ಮತ್ತು ಟಿಪ್ಪುವಿನ ಅರಮನೆ ಕೂಗಳತೆಯಲ್ಲಿವೆ. ಸ್ವಲ್ಪ ಮುಂದೆ ಹೋದರೆ ಮಾರ್ಕೆಟ್ಟು. ಬಸ್ಸಿನ ಹಾರನ್ನು, ಆಟೋದ ಗಡಗಡ ಸದ್ದು ಪೆಂಡಾಲಿನ ಒಳಕ್ಕೂ ಬರುತ್ತವೆ. ಒಮ್ಮೊಮ್ಮೆ ಅಶ್ವಿನಿ, ಭರಣಿ ಮಳೆ ಹೇಳದೆ ಕೇಳದೆ ಬಂದು ತಲೆಯ ಮೇಲೆ ತಮಟೆ ಬಾರಿಸುತ್ತದೆ. ಇಷ್ಟರ ನಡುವೆ ಮಂದ್ರಸ್ಥಾಯಿಯ ಷಡ್ಜವೊಂದು ನಿಂತು ಕೇಳಿಸಿದಾಗ ಆಗುವ ಸುಖವನ್ನು ಸದ್ದೇ ಇಲ್ಲದ ಸಭಾಂಗಣದಲ್ಲಿ ನಾನು ಕಂಡಿಲ್ಲ.

ಪೆಂಡಾಲಿಗೆ ಗೋಡೆಯಿಲ್ಲ ಎಂಬುದೇ ಅದರ ದೊಡ್ಡ ಗುಣ. ಒಳಗೆ ಕೂರಲು ಟಿಕೆಟ್ ಇರುತ್ತದೆ, ನಿಜ. ಆದರೆ ಮೈಕಿನ ದನಿ ಟಿಕೆಟ್ ಕೇಳುವುದಿಲ್ಲ. ಯೇಸುದಾಸರ ಕಚೇರಿಯ ದಿನ ಒಳಗೆ ಹಿಡಿಸದ ಜನ ರಸ್ತೆಯಂಚಿನಲ್ಲೇ ನಿಲ್ಲುತ್ತಿದ್ದರು. ಕೆಲಸ ಮುಗಿಸಿ ಬಸ್ಸಿಗೆ ಹೊರಟವರು ಕಾಂಪೌಂಡಿನ ಬಳಿ ಚೀಲ ಇಳಿಸಿ ಒಂದು ಕೃತಿ ಕೇಳಿ ಹೋಗುವುದುಂಟು. ಸಭೆಗೆ ಹೋಗಲು ಯಾವ ಬಟ್ಟೆ ಹಾಕಬೇಕು, ಎಲ್ಲಿ ತಲೆದೂಗಬೇಕು ಎಂದು ಅಳುಕುವವರಿಗೆ ಇಲ್ಲಿ ಅಳುಕಿಲ್ಲ.

ಸಂಗೀತ ಕೇಳುವುದನ್ನು ಇಲ್ಲಿ ಯಾರೂ ಕೂರಿಸಿಕೊಂಡು ಕಲಿಸುವುದಿಲ್ಲ. ಪಕ್ಕದ ಕುರ್ಚಿಯ ಕೈ ಕಲಿಸುತ್ತದೆ. ಪಂಚೆಯುಟ್ಟ ಹಿರಿಯರೊಬ್ಬರು ಕೂತಿರುತ್ತಾರೆ, ಅವರ ಬಲಗೈಯನ್ನೇ ಗಮನಿಸಿ. ತೊಡೆಯ ಮೇಲೆ ಒಂದು ಪೆಟ್ಟು. ಆಮೇಲೆ ಕಿರುಬೆರಳು, ಉಂಗುರದ ಬೆರಳು, ನಡುಬೆರಳು. ಮತ್ತೆ ಪೆಟ್ಟು, ಅಂಗೈ ಮೇಲಕ್ಕೆ. ಪೆಟ್ಟು, ಅಂಗೈ ಮೇಲಕ್ಕೆ. ಎಂಟು ಅಕ್ಷರದ ಆದಿತಾಳ ಒಂದು ಸುತ್ತು ಮುಗಿಯಿತು. ಬೆರಳು ಮಡಿಸದೆ ಮೂರು ಮತ್ತು ನಾಲ್ಕಾಗಿ ಏಳನ್ನು ತಟ್ಟಿದರೆ ಅದು ಮಿಶ್ರಛಾಪು. ಅಜ್ಜಿಯ ಮಡಿಲಲ್ಲಿ ಕೂತ ಮಗು ಮೊದಲು ಆ ಕೈಯನ್ನು ಆಟಕ್ಕೆ ಅನುಕರಿಸುತ್ತದೆ. ನಾಲ್ಕಾರು ಸಂಜೆ ಕಳೆಯುವಷ್ಟರಲ್ಲಿ ಹಾಡು ಎತ್ತುವ ಜಾಗ ಅದಕ್ಕೆ ತಾನಾಗಿ ಸಿಕ್ಕಿರುತ್ತದೆ. ರಾಗವೂ ಹೀಗೇ. ಆಲಾಪನೆ ಶುರುವಾಗುತ್ತಲೇ ಹಿಂದಿನ ಸಾಲಿನಲ್ಲಿ ‘ಕಾಂಬೋದಿ ಕಣ್ರೀ’ ಎಂಬ ಪಿಸುಮಾತು, ‘ಅಲ್ಲ, ಹರಿಕಾಂಬೋದಿ’ ಎಂಬ ತಕರಾರು. ಪಲ್ಲವಿ ಎತ್ತಿದ ಕೂಡಲೇ ಗೆದ್ದವರ ಮುಖ ನೋಡಬೇಕು!

ಬೇಕಾದ ಕೃತಿಯನ್ನೋ ದೇವರನಾಮವನ್ನೋ ಚೀಟಿಯಲ್ಲಿ ಬರೆದು ವೇದಿಕೆಗೆ ಕಳಿಸುವ ರೂಢಿ ಇಲ್ಲಿನ ಇನ್ನೊಂದು ಸೊಗಸು. ಮುಖ್ಯ ಕೃತಿ, ರಾಗ-ತಾನ-ಪಲ್ಲವಿಗಳ ಭಾರ ಇಳಿದ ಮೇಲೆ ಗಾಯಕರು ಚೀಟಿಗಳನ್ನು ಒಂದೊಂದಾಗಿ ಬಿಡಿಸಿ ನೋಡುತ್ತಾರೆ. ಪುರಂದರದಾಸರ ಪದವೊಂದನ್ನು ಎತ್ತಿಕೊಂಡರೆ ಇಡೀ ಪೆಂಡಾಲಿನ ತುಟಿಗಳು ಅಲುಗುತ್ತವೆ. ನನಗೆ ನೋವಾಗುವ ಸಂಗತಿಯೂ ಒಂದಿದೆ. ತನಿ ಆವರ್ತನ ಬಂತೆಂದರೆ ಕಾಫಿಗೆ ಏಳುವವರು ಇಂದಿಗೂ ಕಡಿಮೆಯಾಗಿಲ್ಲ. ಅಲ್ಲಿಯವರೆಗೆ ಹಾಡನ್ನು ಹೊತ್ತು ನಡೆದ ಮೃದಂಗ, ಘಟಗಳಿಗೆ ಸಿಗುವುದು ಅದೊಂದೇ ಹೊತ್ತು. ಮೃದಂಗದವರು ನುಡಿಸಿದ್ದನ್ನು ಘಟದವರು ಮಣ್ಣಿನ ದನಿಯಲ್ಲಿ ತಿರುಗಿ ಹೇಳುವುದು, ಮಾತು ಗಿಡ್ಡವಾಗುತ್ತ ಹೋಗಿ ಕಡೆಗೆ ಇಬ್ಬರೂ ಒಟ್ಟಿಗೆ ಮೋರಾ, ಕೋರ್ವೆ ಎಂಬ ಮುಕ್ತಾಯಗಳನ್ನು ಕಟ್ಟಿ ಪಲ್ಲವಿ ಎತ್ತುವ ಜಾಗಕ್ಕೆ ಬಂದು ಸೇರುವುದು ಕಚೇರಿಯ ಅತಿ ರೋಚಕ ಭಾಗ. ದಯವಿಟ್ಟು ಕೂತು ಕೇಳಿ.

2020ರಲ್ಲಿ ರಾಮನವಮಿ ಬಂದದ್ದು ಕೋವಿಡ್ ಲಾಕ್‌ಡೌನ್ ನಡುವೆ. ಪೆಂಡಾಲಿಲ್ಲದ ಆ ಬೇಸಿಗೆಯಲ್ಲಿ ಊರಿನ ರಸಿಕರು ಮೊಬೈಲಿನಲ್ಲೇ ಸಂಗೀತ ಕೇಳಿ ಸಮಾಧಾನಪಟ್ಟರು. ಹಾಗಿದ್ದೂ ಪೆಂಡಾಲಿನ ಸೆಕೆ, ಸದ್ದು, ಸೊಳ್ಳೆಗಳ ಬಗ್ಗೆ ಗೊಣಗುವವರೂ ಇದ್ದಾರೆ. ಕಚೇರಿಗಳನ್ನೆಲ್ಲ ಒಳ್ಳೆಯ ಸಭಾಂಗಣಕ್ಕೆ ಸಾಗಿಸಬಾರದೇ ಎನ್ನುತ್ತಾರೆ. ಸಭಾಂಗಣಗಳು ಬೇಕು. ಮಲ್ಲೇಶ್ವರದಲ್ಲಿ ಪಿಟೀಲಿನ ಆಕಾರದ ಚೌಡಯ್ಯ ಸ್ಮಾರಕ ಭವನವೇ ಇದೆ. ಆದರೆ ಅಲ್ಲಿಗೆ ಹೋಗುವವರು ಸಂಗೀತ ಕೇಳಲೆಂದೇ ಮನೆಯಿಂದ ಹೊರಟವರು. ಮಾರ್ಕೆಟ್ಟಿಗೆ ಹೊರಟವರನ್ನು ನಿಲ್ಲಿಸಿ ಕೇಳಿಸಲು ಬಯಲೇ ಆಗಬೇಕು.

ಮೊದಲ ಸಲ ಹೋಗುವವರು ಗಾಡಿ ತರದಿದ್ದರೆ ಒಳ್ಳೆಯದು. ಮೆಟ್ರೊ ಹಸಿರು ಮಾರ್ಗದ ಕೆ.ಆರ್. ಮಾರ್ಕೆಟ್ ನಿಲ್ದಾಣದಲ್ಲಿ ಇಳಿದು ನಡೆದೇ ಬರಬಹುದು. ಕಚೇರಿಯನ್ನು ತೆರೆಯುವ ವರ್ಣ ಶುರುವಾಗುವ ಮುಂಚೆಯೇ ಬಂದು ಕೂತರೆ ಶ್ರುತಿ ಕೂಡಿಸುವುದೂ ಕೇಳಸಿಗುತ್ತದೆ. ಮಕ್ಕಳನ್ನು ಕರೆತನ್ನಿ. ನಿದ್ದೆ ಬಂದರೆ ಅಲ್ಲೇ ಮಲಗಲಿ, ಯಾರೂ ಬೇಡ ಎನ್ನುವುದಿಲ್ಲ.