ಡುಬಿಯಾ ಗಂಡಿಗೆ ಒಂದು ವರ್ಷ, ಹೆಣ್ಣಿಗೆ ಎರಡು

ಅಡುಗೆಮನೆಯಲ್ಲಿ ಜಿರಳೆ ಕಂಡರೆ ನಮ್ಮ ಕೈ ಪೊರಕೆ ಹುಡುಕುತ್ತದೆ. ಅಮೆರಿಕ, ಯುರೋಪಿನಲ್ಲಿ ಹಲ್ಲಿ ಸಾಕುವವರು ಇನ್ನೊಂದು ಜಾತಿಯ ಜಿರಳೆಯನ್ನು ಬೆಚ್ಚಗಿನ ಡಬ್ಬಿಯಲ್ಲಿಟ್ಟು, ಕ್ಯಾರೆಟ್ ತಿನ್ನಿಸಿ ಬೆಳೆಸುತ್ತಾರೆ. ನಮ್ಮ ಬೇಲಿಯ ಓತಿಕ್ಯಾತನ ಕುಟುಂಬಕ್ಕೇ ಸೇರಿದ, ಆಸ್ಟ್ರೇಲಿಯಾ ಮೂಲದ ಬಿಯರ್ಡೆಡ್ ಡ್ರಾಗನ್‌ಗೆ ಅದು ಮೆಚ್ಚಿನ ಆಹಾರ. ದಕ್ಷಿಣ ಅಮೆರಿಕದ ಈ ಕೀಟದ ಹೆಸರು ಡುಬಿಯಾ. ನುಣುಪು ಗೋಡೆಯನ್ನು ಅದು ಹತ್ತಲಾರದು. ಹಾಗಾಗಿ ಪ್ಲಾಸ್ಟಿಕ್ ಡಬ್ಬಿಯೇ ಅದಕ್ಕೆ ಮನೆ.

ಹೊಸದಾಗಿ ಸಾಕುವವರು ಕೆಲವು ತಿಂಗಳಲ್ಲೇ ಗಾಬರಿಯಾಗುತ್ತಾರೆ. ಡಬ್ಬಿಯಲ್ಲಿ ಸತ್ತ ಜಿರಳೆಗಳು ಸಿಗತೊಡಗುತ್ತವೆ. ರೋಗವೇ, ಆಹಾರದ ದೋಷವೇ ಎಂದು ತಲೆಕೆಡಿಸಿಕೊಳ್ಳುವ ಮೊದಲು ಸತ್ತವುಗಳ ರೆಕ್ಕೆ ನೋಡಬೇಕು. ಬೆಳೆದ ಗಂಡಿಗೆ ಇಡೀ ಬೆನ್ನು ಮುಚ್ಚುವ ರೆಕ್ಕೆ. ಹೆಣ್ಣಿಗೆ ಭುಜದ ಬಳಿ ಎರಡು ಮೊಂಡು ತುಂಡು ಮಾತ್ರ. ಸತ್ತವೆಲ್ಲ ಉದ್ದ ರೆಕ್ಕೆಯವಾದರೆ, ಬಹುಮಟ್ಟಿಗೆ ಅವುಗಳ ಕಾಲ ಮುಗಿದಿದೆ ಎಂದೇ ಅರ್ಥ.

ಮರಿ ಬೆಳೆದು ದೊಡ್ಡದಾಗಲು ಬೆಚ್ಚಗಿನ ಡಬ್ಬಿಯಲ್ಲಿ ನಾಲ್ಕರಿಂದ ಆರು ತಿಂಗಳು ಬೇಕು. ಆಮೇಲೆ ಗಂಡು ಬದುಕುವುದು ಸುಮಾರು ಒಂದು ವರ್ಷ. ಹೆಣ್ಣು ಒಂದೂವರೆ ವರ್ಷದಿಂದ ಎರಡು ವರ್ಷದವರೆಗೂ ಬಾಳುತ್ತದೆ. ಒಟ್ಟಿಗೆ ತಂದ ಗಂಡು ಹೆಣ್ಣುಗಳಲ್ಲಿ ಗಂಡುಗಳೇ ಮೊದಲು ಖಾಲಿಯಾಗುವುದು ಹೀಗೆ.

ಹೆಣ್ಣಿನ ದೀರ್ಘಾಯುಸ್ಸಿಗೆ ಬೆಲೆ ಬಂದಿರುವುದು ಅದರ ಬಸಿರಿನಿಂದ. ಡುಬಿಯಾ ಮೊಟ್ಟೆಯ ಚೀಲವನ್ನು ಹೊರಗೆ ಬಿಟ್ಟುಹೋಗುವುದಿಲ್ಲ. ಹೊರಚಾಚಿ, ತಿರುಗಿಸಿ, ಮತ್ತೆ ಹೊಟ್ಟೆಯೊಳಗೆ ಎಳೆದುಕೊಂಡು ಅಲ್ಲೇ ಕಾವು ಕೊಡುತ್ತದೆ. ಸುಮಾರು ಎರಡು ತಿಂಗಳಿಗೆ 20ರಿಂದ 30 ಬಿಳಿ ಮರಿಗಳು ಹೊರಬರುತ್ತವೆ. ವರ್ಷಕ್ಕೆ ಐದು ಬಾರಿ ಹೆತ್ತರೂ ಒಂದು ಹೆಣ್ಣಿನಿಂದ ನೂರಕ್ಕೂ ಹೆಚ್ಚು ಮರಿ. ಒಂದು ಗಂಡು ಹಲವು ಹೆಣ್ಣುಗಳಿಗೆ ಸಾಕು. ಅನುಭವಿಗಳು ಮೂರರಿಂದ ಐದು ಹೆಣ್ಣಿಗೆ ಒಂದು ಗಂಡು ಬಿಡುತ್ತಾರೆ. ಗಂಡು ಹೆಚ್ಚಾದರೆ ಕಾದಾಟ, ಹರಿದ ರೆಕ್ಕೆ, ನೆಮ್ಮದಿಯಿಲ್ಲದ ಹೆಣ್ಣುಗಳು. ಹಲ್ಲಿಗೆ ಹಾಕುವಾಗ ಮೊದಲು ಹೆಚ್ಚುವರಿ ಗಂಡುಗಳನ್ನೇ ಆರಿಸುವುದು ಇದಕ್ಕಾಗಿ.

ಆಯುಸ್ಸಿನ ಲೆಕ್ಕ ಶಾಖಕ್ಕೂ ಕಟ್ಟುಬಿದ್ದಿದೆ. ಜಿರಳೆ ತಣ್ಣನೆ ರಕ್ತದ ಜೀವಿ. 27ರಿಂದ 32 ಡಿಗ್ರಿ ಸೆಲ್ಸಿಯಸ್‌ನಲ್ಲಿ ಬೇಗ ಬೆಳೆದು ಬೇಗ ಮರಿ ಹಾಕುತ್ತದೆ. ಚಳಿಯಲ್ಲಿ ಬೆಳವಣಿಗೆ ಕುಂಟುತ್ತದೆ, ಹೆರಿಗೆ ನಿಲ್ಲುತ್ತದೆ. ಆಹಾರದಲ್ಲಿ ಪ್ರೋಟೀನ್ ಅತಿಯಾದರೆ ಮೈಯ ಕೊಬ್ಬಿನಲ್ಲಿ ಯೂರಿಕ್ ಆಮ್ಲ ತುಂಬಿಕೊಳ್ಳುತ್ತದೆ. ಒಣ ಧಾನ್ಯದ ಹಿಟ್ಟು, ತರಕಾರಿ, ಹಣ್ಣಿನ ಚೂರು ಸಾಕು. ನೀರಿನ ತಟ್ಟೆ ಇಟ್ಟರೆ ಪುಟ್ಟ ಮರಿಗಳು ಮುಳುಗುತ್ತವೆ. ಬೇಕಾದ ನೀರು ತರಕಾರಿಯಿಂದಲೇ ಸಿಗಲಿ.

ಡಬ್ಬಿ ಬರಿದಾಗದಿರಲು ದಾರಿ ಒಂದೇ: ಮರಿಗಳನ್ನೆಲ್ಲ ಹಲ್ಲಿಗೆ ಹಾಕಿ ಮುಗಿಸದೆ, ಪ್ರತಿ ಪೀಳಿಗೆಯಲ್ಲೂ ಕೆಲವನ್ನು ಬೆಳೆಯಲು ಬಿಡುವುದು. ಮುದಿ ಗಂಡುಗಳು ಸಾಯುವ ಹೊತ್ತಿಗೆ ಹೊಸ ಗಂಡುಗಳು ಕೊನೆಯ ಪೊರೆ ಕಳಚಿರಬೇಕು. ಗಂಡು ಸತ್ತರೆ ತಿಂಗಳುಗಳ ಲೆಕ್ಕ ಹಾಕಿ ನೋಡಿ. ಎಳೆ ಹೆಣ್ಣುಗಳೂ ಮರಿಗಳೂ ಒಟ್ಟೊಟ್ಟಿಗೆ ಸಾಯುತ್ತಿದ್ದರೆ ಮಾತ್ರ, ಆ ದಿನವೇ ಶಾಖ, ತೇವ, ಆಹಾರ ಮೂರನ್ನೂ ಪರೀಕ್ಷಿಸಿ.