ಎಮ್ಮೆಗರುವಿನ ಹೊಟ್ಟೆಯ ಹುಳು

ಒಕ್ಕಲುತನದ ಮನೆಯಲ್ಲಿ ಎಮ್ಮೆಯೇ ಹೈನಿನ ಆಧಾರ. ಎಮ್ಮೆ ಈದ ದಿನ ಮನೆಮಂದಿಗೆಲ್ಲ ಹಿಗ್ಗು. ಆದರೆ ತಿಂಗಳೊಪ್ಪತ್ತಿನಲ್ಲಿಯೇ ಕರು ಬಡಕಲಾಗಿ, ಹೊಟ್ಟೆ ಮಾತ್ರ ಡೊಳ್ಳಿನಂತೆ ಉಬ್ಬಿ, ದುರ್ನಾತದ ಭೇದಿಯಿಂದ ಬಳಲಿ ಸಾಯುವುದುಂಟು. ದೃಷ್ಟಿ ತಾಗಿತೆಂದೋ, ಗಿಣ್ಣು ಹೆಚ್ಚಾಯಿತೆಂದೋ ಹೇಳಿ ಹಿರಿಯರು ಸಮಾಧಾನ ತಂದುಕೊಳ್ಳುತ್ತಾರೆ. ಕರು ಸತ್ತ ಎಮ್ಮೆ ಹಾಲಿಳಿಸಲು ಹಟ ಮಾಡುವುದರಿಂದ ನಷ್ಟ ಇಮ್ಮಡಿಯಾಗುತ್ತದೆ.

ಇಂಥ ಅನೇಕ ಸಾವುಗಳಿಗೆ ಕಾರಣ ಒಂದು ದುಂಡುಹುಳು. ಜರ್ಮನಿಯ ಪ್ರಾಣಿಶಾಸ್ತ್ರಜ್ಞ ಗೋಟ್ಸೆ 1782ರಲ್ಲಿಯೇ ಇದನ್ನು ವರ್ಣಿಸಿದನು. ಇದರ ಇಂದಿನ ಶಾಸ್ತ್ರೀಯ ನಾಮ ಟಾಕ್ಸೊಕಾರಾ ವಿಟುಲೋರಮ್. ‘ವಿಟುಲೋರಮ್’ ಎಂದರೆ ಲ್ಯಾಟಿನ್ ಭಾಷೆಯಲ್ಲಿ ‘ಕರುಗಳ’ ಎಂದೇ ಅರ್ಥ. ಬೆಳೆದ ಹೆಣ್ಣುಹುಳು 30 ಸೆಂಟಿಮೀಟರುಗಳವರೆಗೂ ಉದ್ದವಿರುತ್ತದೆ. ಕರುವಿನ ಸಣ್ಣಕರುಳಿನಲ್ಲಿ ಇವು ಗೊಂಚಲುಗೊಂಚಲಾಗಿ ಸೇರಿದಾಗ ಕರುಳಿನ ದಾರಿಯೇ ಕಟ್ಟಿಹೋಗಬಹುದು.

ಇನ್ನೂ ಹುಲ್ಲು ಮೇಯದ ಎಳಗರುವಿಗೆ ಈ ಹುಳು ಬರುವುದೆಲ್ಲಿಂದ? ಇದರ ಜೀವನಚಕ್ರವು ನಿಜಕ್ಕೂ ಸೋಜಿಗದ್ದು. ರೋಗಪೀಡಿತ ಕರುವಿನ ಸಗಣಿಯಲ್ಲಿ ಲಕ್ಷಗಟ್ಟಲೆ ಮೊಟ್ಟೆಗಳು ಹೊರಬೀಳುತ್ತವೆ. ದಪ್ಪ ಕವಚದ ಈ ಮೊಟ್ಟೆಗಳು ನೆರಳು ಮತ್ತು ತೇವವುಳ್ಳ ನೆಲದಲ್ಲಿ ತಿಂಗಳುಗಟ್ಟಲೆ ಜೀವ ಹಿಡಿದಿರಬಲ್ಲವು. ಮೇವು ನೀರಿನೊಡನೆ ಅವು ದೊಡ್ಡ ಎಮ್ಮೆಯ ಹೊಟ್ಟೆ ಸೇರಿದರೆ, ಒಡೆದು ಹೊರಬಂದ ಮರಿಹುಳುಗಳು ಕರುಳಿನಲ್ಲಿ ನಿಲ್ಲದೆ ಮಾಂಸಖಂಡ ಮುಂತಾದ ಅಂಗಗಳಲ್ಲಿ ಅಡಗಿ ಕುಳಿತುಕೊಳ್ಳುತ್ತವೆ. ಎಮ್ಮೆಗೆ ಅದರಿಂದ ಯಾವ ಬಾಧೆಯೂ ಕಾಣದು. ಗರ್ಭ ತುಂಬಿ ಈಯುವ ಕಾಲ ಸಮೀಪಿಸಿದಾಗ ಅವು ಎಚ್ಚೆತ್ತು ಕೆಚ್ಚಲಿನತ್ತ ಸಾಗುತ್ತವೆ. ಈದ ಮೊದಲ ಎರಡು ಮೂರು ವಾರ ಹಾಲಿನೊಡನೆ ಇಳಿದು ಕರುವಿನ ಕರುಳನ್ನು ಸೇರುತ್ತವೆ. ಮೂರು ನಾಲ್ಕು ವಾರಗಳಲ್ಲಿ ಬೆಳೆದು ತಾವೂ ಮೊಟ್ಟೆಯಿಡತೊಡಗುತ್ತವೆ. ಬದುಕುಳಿದ ಕರುವಿನಿಂದ ಕೆಲವು ತಿಂಗಳಲ್ಲಿ ಹುಳುಗಳು ತಾವಾಗಿಯೇ ಬಿದ್ದುಹೋಗುತ್ತವೆ. ಅಷ್ಟರೊಳಗೆ ಕೊಟ್ಟಿಗೆಯ ನೆಲವೆಲ್ಲ ಮೊಟ್ಟೆಗಳ ಬೀಡಾಗಿರುತ್ತದೆ.

ಹಾಗಾದರೆ ಕರುವಿಗೆ ಗಿಣ್ಣು ಕುಡಿಸಬಾರದೇ? ಈ ತಪ್ಪನ್ನು ಯಾರೂ ಮಾಡಬಾರದು. ತಾಯಿಯ ರೋಗನಿರೋಧಕ ಶಕ್ತಿಯು ಗರ್ಭದಲ್ಲಿರುವಾಗ ಎಮ್ಮೆಗರುವಿಗೆ ದೊರೆಯುವುದಿಲ್ಲ. ಅದು ಗಿಣ್ಣಿನ ಮೂಲಕವೇ ಬರಬೇಕು. ಹುಟ್ಟಿದ ಮೊದಲ ಕೆಲವು ಗಂಟೆಗಳಲ್ಲಿ ಕುಡಿದ ಗಿಣ್ಣಿಗೇ ಹೆಚ್ಚು ಫಲ. ಒಂದು ದಿನ ಕಳೆದ ಮೇಲೆ ಕರುಳು ಆ ಶಕ್ತಿಯನ್ನು ಹೀರಿಕೊಳ್ಳಲಾರದು. ಹುಳುವಿಗೆ ಅಂಜಿ ಗಿಣ್ಣು ತಪ್ಪಿಸಿದರೆ ಒಂದು ರೋಗವನ್ನು ತಡೆಯಹೋಗಿ ಹತ್ತು ರೋಗಗಳಿಗೆ ಬಾಗಿಲು ತೆರೆದಂತಾಗುತ್ತದೆ.

ಪರಿಹಾರವಿರುವುದು ಸಕಾಲದ ಔಷಧದಲ್ಲಿ. ಎಮ್ಮೆಯ ಮಾಂಸದಲ್ಲಿ ಅಡಗಿದ ಮರಿಹುಳುಗಳನ್ನು ಸಾಮಾನ್ಯ ಜಂತುನಾಶಕಗಳು ನಿರ್ಮೂಲ ಮಾಡಲಾರವು. ಆದರೆ ಕರುವಿನ ಕರುಳಿಗೆ ಬಂದ ಹುಳುಗಳನ್ನು ಪೈರಾಂಟೆಲ್, ಪೈಪರಜೈನ್ ಮೊದಲಾದ ಔಷಧಗಳು ಹೊರಹಾಕುತ್ತವೆ. ಹುಟ್ಟಿದ 10ರಿಂದ 16 ದಿನಗಳೊಳಗೆ ಮೊದಲ ಸಲ ಔಷಧ ಕುಡಿಸಿದರೆ ಹುಳುಗಳು ಮೊಟ್ಟೆಯಿಡುವ ಮೊದಲೇ ನಾಶವಾಗುತ್ತವೆ. ಪ್ರಮಾಣವು ಕರುವಿನ ತೂಕವನ್ನು ಅವಲಂಬಿಸಿರುವುದರಿಂದ ಅದನ್ನೂ ಮುಂದಿನ ಸರದಿಗಳನ್ನೂ ಪಶುವೈದ್ಯರೇ ನಿರ್ಧರಿಸಬೇಕು. ಭೇದಿ ಕಾಣಿಸಿಕೊಳ್ಳಲೆಂದು ಕಾಯುವುದು ಸಲ್ಲದು.

ಇಲ್ಲಿ ಇನ್ನೊಂದು ಮಾತು. ಹೆಣ್ಣುಗರುವಿಗೆ ಔಷಧ ಹಾಕಿ, ಕೋಣಗರುವನ್ನು ನಿರ್ಲಕ್ಷಿಸುವ ರೂಢಿ ಹಲವೆಡೆ ಇದೆ. ಅದರ ಸಗಣಿಯಲ್ಲಿ ಬೀಳುವ ಮೊಟ್ಟೆಗಳೇ ಮುಂದೆ ಹಾಲು ಕೊಡುವ ಎಮ್ಮೆಯ ಒಡಲನ್ನು ಸೇರುತ್ತವೆ ಎಂಬುದನ್ನು ಮರೆಯಲಾಗದು. ಕರುಗಳ ಸಗಣಿಯನ್ನು ದಿನವೂ ಬಳಿದು ತಿಪ್ಪೆಗೆ ಹಾಕಿ, ಕರು ಕಟ್ಟುವ ಸ್ಥಳವನ್ನು ಬಿಸಿಲು ಬೀಳುವಂತೆ ಒಣಗಿಸಿಟ್ಟರೆ ಅರ್ಧ ಕೆಲಸವಾದಂತೆ.

ವಿದ್ಯಾರ್ಥಿ ಮಿತ್ರರೇ, ನಿಮ್ಮಲ್ಲಿ ಬಹುಮಂದಿ ರೈತರ ಮಕ್ಕಳು. ಮನೆಯ ಎಮ್ಮೆ ಈದ ದಿನವನ್ನು ಪಂಚಾಂಗದ ಹಾಳೆಯಲ್ಲಿ ಗುರುತಿಸಿ, ಹತ್ತನೆಯ ದಿನ ತಂದೆಯವರಿಗೆ ನೆನಪು ಮಾಡಿಕೊಡಿರಿ. ಓದಿದ ವಿದ್ಯೆಯಿಂದ ಒಂದು ಮೂಕಜೀವ ಉಳಿದರೆ ಆ ವಿದ್ಯೆ ಸಾರ್ಥಕ.